ಸುಮ್ಮನಿದ್ದರೆ ಸರಿಯಿದೆ ಅಂತ

ವ್ಯಾನಿನ ಹಿಂಬಾಗಿಲು ತೆರೆದು ನಾಲ್ಕು ಜನ ಹೆಣಕ್ಕೆ ಕೈ ಕೊಟ್ಟು ಇಳಿಸುತ್ತಿದ್ದರೆ ಶ್ಯಾಮಲಮ್ಮ ಅತ್ತ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ವ್ಯಾನಿನ ಹಿಂದೆಯೇ ಬಂದು ಹುಣಸೆಮರದ ಕೆಳಗೆ ನಿಂತ ಅಂಬಾಸಿಡರ್ ಕಾರಿನ ಮೇಲಿತ್ತು. ಕಾರಿನೊಳಗೆ ಆ ಹುಡುಗ ಕೂತಿದ್ದ, ಇಳಿದಿರಲಿಲ್ಲ. ಇವನು ಇಳಿಯದೆ ಹಾಗೇ ವಾಪಸ್ಸು ಹೊರಟುಹೋಗಲಿ ಎಂದು ಅವಳು ಮನಸ್ಸಿನಲ್ಲೇ ಕೈಮುಗಿದಳು. ಗಂಡನ ಹೆಣ ಮನೆ ಮುಂದೆ ಇಳಿಯುವ ಹೊತ್ತಿನಲ್ಲಿ ಹೆಂಡತಿಯಾದವಳು ದೇವರಲ್ಲಿ ಕೇಳಿಕೊಳ್ಳುವ ವರ ಇದಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಭಯ ಹಿಡಿದವರಿಗೆ ಹೊತ್ತುಗೊತ್ತು ಎಲ್ಲಿಯದು?

"ತಲೆ ಕಡೆ ಹುಷಾರಾಗಿ ಹಿಡ್ಕೊಳ್ರೋ" ಎಂದು ಮೈದುನ ಮುನಿರಾಮಪ್ಪ ಕೂಗುತ್ತಿದ್ದ.

ಸತ್ತವನು ಅವನ ಅಣ್ಣ ಕೋದಂಡರಾಮಪ್ಪ. ಈ ಬೈರಕೂರಿನಲ್ಲೇ ಹುಟ್ಟಿ, ಎಮ್ಮೆ ಕಾಯ್ದುಕೊಂಡೇ ಓದಿ, ವಾಯುಸೇನೆ ಸೇರಿ, ಅದನ್ನೂ ಬಿಟ್ಟು ಬೆಂಗಳೂರಿನ ಹೊರಗಿನ ಒಂದು ಹಾರಾಟದ ಶಾಲೆಯಲ್ಲಿ ಹುಡುಗರಿಗೆ ವಿಮಾನ ಕಲಿಸುವ ಕೆಲಸಕ್ಕೆ ನಿಂತಿದ್ದ. ಅದರಲ್ಲೂ ಅವನದು ಒಂದೇ ಪಾಠ. ಆಕಾಶ, ನೆಲ ಯಾವುದನ್ನೂ ನೋಡದೆ, ಎದುರಿಗಿರುವ ಗಡಿಯಾರದಂಥ ಬಿಲ್ಲೆಗಳ ಮುಳ್ಳುಗಳನ್ನಷ್ಟೇ ನಂಬಿಕೊಂಡು ಹಾರುವುದು. ಮೋಡದೊಳಗೆ ಸಿಕ್ಕಿಕೊಂಡಾಗ ಪ್ರಾಣ ಉಳಿಸುವ ವಿದ್ಯೆ ಅದು. ಕಲಿಯುವವನ ತಲೆಗೆ ಮುಂದಕ್ಕೆ ಉದ್ದ ಚಾಚಿದ ಟೋಪಿಯಂಥದನ್ನು ಸಿಕ್ಕಿಸುತ್ತಿದ್ದರು. ಅದಕ್ಕೆ ಹುಡ್ ಎನ್ನುತ್ತಿದ್ದರು. ಜಟಕಾ ಕುದುರೆಯ ಕಣ್ಣುಪಟ್ಟಿಯ ಹಾಗೆ ಅದು ಮುಳ್ಳುಗಳನ್ನು ಬಿಟ್ಟು ಬೇರೇನನ್ನೂ ಕಾಣಗೊಡುತ್ತಿರಲಿಲ್ಲ. ಊರಿನವರು ಅವನನ್ನು 'ಕಣ್ಣು ಕಟ್ಟಿ ವಿಮಾನ ಬಿಡ್ಸೋ ಮೇಷ್ಟ್ರು' ಎಂದು ಕರೆದು ನಗುತ್ತಿದ್ದರು.

ಆ ಮೇಷ್ಟ್ರ ಪ್ರಾಣ ನಿನ್ನೆ ಬೆಳಿಗ್ಗೆ ಪಾಠದ ನಡುವೆ ಆಕಾಶದಲ್ಲೇ ಹೋಗಿತ್ತು. ಪಕ್ಕದ ಸೀಟಿನಲ್ಲಿ ಹುಡ್ ಹಾಕಿಕೊಂಡು ವಿಮಾನ ಹಾರಿಸುತ್ತಿದ್ದವನೇ ಈಗ ಕಾರಿನಲ್ಲಿ ಕೂತಿದ್ದ ಅಜ್ಮತುಲ್ಲಾ. ಮುಳಬಾಗಿಲಿನಲ್ಲಿ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುವ ರಹಮತ್ತುಲ್ಲಾನ ಮಗ. ಆಸ್ಪತ್ರೆಯವರು ಕುಯ್ದು ನೋಡಿ, ಇದ್ದಕ್ಕಿದ್ದಂತೆ ಹೃದಯ ನಿಂತಿದೆ ಎಂದು ಹೇಳಿ ಹೆಣ ಕೊಟ್ಟಿದ್ದರು.

ಆ 'ಇದ್ದಕ್ಕಿದ್ದಂತೆ' ಎಂಬ ಮಾತು ಕೇಳಿದಾಗಿನಿಂದ ಶ್ಯಾಮಲಮ್ಮನಿಗೆ ಈ ಭಯ ಹಿಡಿದಿತ್ತು. ಅದು ಸುಳ್ಳೆಂದು ಗೊತ್ತಿದ್ದವಳು ಅಲ್ಲಿ ಸೇರಿದವರಲ್ಲಿ ಅವಳೊಬ್ಬಳೇ.

"ಆ ಸಾಬರ ಹುಡುಗ ಬಂದವನೆ ಅತ್ತಿಗೆ. ಕರೀಲಾ?" ಮುನಿರಾಮಪ್ಪ ಹತ್ತಿರ ಬಂದು ಕೇಳಿದ.

"ಬೇಡ" ಎಂದಳು. ಬೇಗ ಹೇಳಿಬಿಟ್ಟೆ ಅನಿಸಿ, "ಅವನೇ ಬರ್ತಾನೆ ಬಿಡು" ಎಂದು ಸೇರಿಸಿದಳು.

ಹೆಣವನ್ನು ಜಗಲಿಯ ಮುಂದೆ ಚಪ್ಪರದ ಕೆಳಗೆ ಬೆಂಚಿನ ಮೇಲೆ ಮಲಗಿಸಿದರು. ಸತ್ತವನ ಅಕ್ಕ ಮುನಿಯಲ್ಲಮ್ಮ ತಮ್ಮನ ಕಾಲು ಹಿಡಿದುಕೊಂಡು, "ಅಯ್ಯೋ ನಾಯನಾ, ಮೇಲಿಂದ ಮೇಲೇ ಹೊಂಟೋದ್ಯಲ್ಲೋ" ಎಂದು ರಾಗವಾಗಿ ಅತ್ತಳು. ಹೆಂಗಸರು ಜೊತೆಗೂಡಿದರು. ಮುನಿರಾಮಪ್ಪ ಅಳಲಿಲ್ಲ. ಕಂಬಕ್ಕೆ ಒರಗಿ ಯಾರಿಗೋ ಹೇಳುವ ಹಾಗೆ ಹೇಳತೊಡಗಿದ.

"ನಿನ್ನೆ ಟೊಮೇಟೊಗೆ ನೀರು ಕಟ್ತಿದ್ದೆ. ಸದ್ದು ಕೇಳ್ತು. ನಮ್ಮಣ್ಣನೇ ಅಂತ ಟವಲ್ ಬೀಸ್ದೆ. ಈ ಕಡೆ ಬಂದಾಗೆಲ್ಲಾ ತೋಪಿನ ಮೇಲೆ ರೆಕ್ಕೆ ಓರೆ ಮಾಡ್ಕೊಂಡು ತಿರುಗ್ಸೋನು. ನಿನ್ನೆ ಮಾಡ್ಲಿಲ್ಲ. ನೆಟ್ಟಗೆ ಆಂಧ್ರದ ಕಡೆ ಹೊಂಟೋದ. ಏನೋ ದೊಡ್ಡ ಮನುಷ್ಯ ಆಗ್ಬಿಟ್ಟ ಇವನು, ಅಂತ ಬಾಯಿಗೆ ಬಂದಂಗೆ ಬೈಕೊಂಡೆ. ಸತ್ತೋನ್ನ ಬೈಕೊಂಡೆ ಕಣ್ರಪ್ಪಾ."

*

ಎಪ್ಪತ್ತೊಂದನೇ ಇಸವಿ. ಸೇನೆ ಬಿಟ್ಟು ಬೆಂಗಳೂರಿಗೆ ಬಂದ ಹೊಸತು. ಒಂದು ಭಾನುವಾರ ಕೋದಂಡರಾಮಪ್ಪ ಎಲ್ಲಿಂದಲೋ ಗಿರಗಿರ ತಿರುಗುವ ಹಳೆಯ ಕುರ್ಚಿಯೊಂದನ್ನು ತಂದು ನಡುಮನೆಯಲ್ಲಿಟ್ಟು, "ಕೂತ್ಕೋ" ಎಂದ.

"ನನಗ್ಯಾಕೆ ನಿಮ್ಮ ಪಾಠ? ಒಲೆ ಮೇಲೆ ಸಾರಿದೆ."

"ಕೂತ್ಕೊಳ್ಳೇ, ಸಾರು ಎಲ್ಲೂ ಹಾರಿಹೋಗಲ್ಲ."

ಅವಳ ಕಣ್ಣಿಗೆ ಟವಲು ಕಟ್ಟಿ ಮೆಲ್ಲಗೆ ತಿರುಗಿಸಿದ. ಮೊದಮೊದಲು ತಿರುಗುವುದು ತಿಳಿಯಿತು. ಆಮೇಲೆ ನಿಂತಿತು. "ನಿಲ್ಸಿದ್ರಲ್ಲಾ" ಎಂದಳು. ಅವನು ನಕ್ಕ. ಕುರ್ಚಿ ಅದೇ ವೇಗದಲ್ಲಿ ತಿರುಗುತ್ತಲೇ ಇತ್ತು. ಅವನು ನಿಜವಾಗಿ ಕೈ ಹಿಡಿದು ನಿಲ್ಲಿಸಿದಾಗ ಅವಳಿಗೆ ಎದುರು ದಿಕ್ಕಿಗೆ ತಿರುಗಿದಂತಾಗಿ, "ಅಯ್ಯಯ್ಯೋ, ಬಿದ್ದೆ, ಹಿಡ್ಕೊಳ್ಳಿ" ಎಂದು ಕಿರುಚಿಕೊಂಡಳು. ಟವಲು ಬಿಚ್ಚಿ ನೋಡಿದರೆ ಕುರ್ಚಿ ಅಲುಗುತ್ತಿರಲಿಲ್ಲ.

"ನೋಡಿದ್ಯಾ? ನಿನ್ನ ಮೈ ನಿನಗೇ ಸುಳ್ಳು ಹೇಳ್ತು. ಮೋಡದೊಳಗೆ ಎಲ್ಲರಿಗೂ ಹೀಗೇ ಆಗೋದು. ಮೈ ಮಾತು ಕೇಳಿದೋನು ಸತ್ತ. ಮುಳ್ಳಿನ ಮಾತು ಕೇಳಿದೋನು ಮನೆಗೆ ಬಂದ."

ಹುಡುಗರಿಗೂ ಅವನು ಇದನ್ನೇ ಅರೆದು ಕುಡಿಸುತ್ತಿದ್ದ. ಮೇಲೆ ಹೋದ ಮೇಲೆ ಎಲ್ಲಿ ತಿರುಗಬೇಕೆಂದು ಹೇಳುವುದನ್ನು ಬಿಟ್ಟರೆ ಪಾಠಕ್ಕೆಂದು ಬಾಯಿಬಿಡುತ್ತಿರಲಿಲ್ಲ. ಕೈಯಲ್ಲೊಂದು ಪೆನ್ಸಿಲು. ತಪ್ಪಿದರೆ ಆ ಮುಳ್ಳಿನ ಗಾಜಿನ ಮೇಲೆ ಟಕ್ಕೆಂದು ಬಡಿಯುತ್ತಿದ್ದ. ಸರಿಯಿದ್ದರೆ ಮೌನ. "ನಾನು ಸುಮ್ಮನಿದ್ದೀನಿ ಅಂದ್ರೆ ನೀನು ಸರಿಯಾಗಿದ್ದೀಯ ಅಂತ ತಿಳ್ಕೋ" ಎನ್ನುವುದು ಮೊದಲ ದಿನದ ಉಪದೇಶ. ಹುಡುಗರನ್ನು ಕೆಣಕಿ ನೋಡುವುದೂ ಇತ್ತು. ಇದ್ದಕ್ಕಿದ್ದಂತೆ ಸೀನುವುದು, 'ಅಗೋ ಹದ್ದು' ಎಂದು ಕೂಗುವುದು, ನಿದ್ದೆ ಬಂದವನ ಹಾಗೆ ಗೊರಕೆ ಹೊಡೆಯುತ್ತಾ ಅವರ ಭುಜದ ಮೇಲೆ ಒರಗಿಬಿಡುವುದು. ತಲೆ ಎತ್ತಿದವನಿಗೆ ಪೆನ್ಸಿಲಿನಿಂದ ನೆತ್ತಿಯ ಮೇಲೆ ಒಂದು ಬೀಳುತ್ತಿತ್ತು. ಮನೆಗೆ ಮುದ್ದೆ ಉಣ್ಣಲು ಬಂದ ಹುಡುಗರು ಇದನ್ನೆಲ್ಲ ನಟಿಸಿ ತೋರಿಸುತ್ತಿದ್ದರೆ ಶ್ಯಾಮಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಚೆನ್ನಾಗಿ ನಟಿಸುತ್ತಿದ್ದವನು ಅಜ್ಮತುಲ್ಲಾನೇ.

*

ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಅವನು ಕಾರಿನಿಂದ ಇಳಿದ. ಹಿಂದೆ ಅವನಪ್ಪ, ಕೈಯಲ್ಲಿ ದೊಡ್ಡ ಗುಲಾಬಿ ಹಾರ ಹಿಡಿದುಕೊಂಡು. ಜನ ದಾರಿ ಬಿಟ್ಟರು. ಹುಡುಗನ ನಡಿಗೆ ನೋಡಿದರೆ ಸಂಕಟವಾಗುತ್ತಿತ್ತು. ಬಲಭುಜವನ್ನು ಅಲುಗಿಸದೆ, ಅದರ ಮೇಲೆ ಇನ್ನೂ ಏನೋ ಇಟ್ಟಿರುವವನ ಹಾಗೆ ಬರುತ್ತಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿದ್ದವು.

ನೆಂಟರು ಒಬ್ಬೊಬ್ಬರಾಗಿ ಹೆಣ ಸುತ್ತಿ ತುಟಿಗೆ ನಾಲ್ಕು ಕಾಳು ಹಾಕುತ್ತಿದ್ದರು. ಮುನಿರಾಮಪ್ಪ ಅಕ್ಕಿಯ ತಟ್ಟೆ ಹಿಡಿದು ನಿಂತಿದ್ದವನು ತಡೆಯಲಾರದೆ ಕೇಳಿಯೇಬಿಟ್ಟ.

"ಒಂದು ಮಾತು ಹೇಳಪ್ಪಾ. ಪಕ್ಕದಲ್ಲಿ ಕೂತಿರೋ ಮನುಷ್ಯ ಸತ್ತೋದ್ರೆ ಗೊತ್ತಾಗಲ್ವಾ? ಸೀಟಿಗೆ ಸೀಟು ಅಂಟ್ಕೊಂಡಿರ್ತದೆ ಅಂತೀರಿ."

"ಗೊತ್ತಾಯ್ತು" ಎಂದ ಅಜ್ಮತುಲ್ಲಾ. ಅಳುತ್ತಿದ್ದ ಹೆಂಗಸರು ಅವನ ಕಡೆ ತಿರುಗಿದರು. "ಭುಜದ ಮೇಲೆ ಒರಗಿದ್ರು. ಭಾರ ಗೊತ್ತಾಯ್ತು. ಯಾವಾಗ್ಲೂ ಆಟ ಆಡ್ಸೋ ಹಂಗೇ ಆಡಿಸ್ತಿದಾರೆ ಅನ್ಕೊಂಡೆ. 'ಈ ಸಲ ನಾನು ಏಮಾರಲ್ಲ ಸಾರ್' ಅಂದೆ. ನಕ್ಕೆ ಕೂಡ. ಆಮೇಲೆ ಗಂಟ್ಲಲ್ಲಿ ಏನೋ ಸದ್ದು ಮಾಡಿದ್ರು. ಅದೂ ಆಟ ಅನ್ಕೊಂಡೆ."

"ಎಷ್ಟೊತ್ತು ಹಂಗೇ ಹೋದೆ?"

"ಗೊತ್ತಿಲ್ಲಣ್ಣ. ಇಲ್ಲಿ ತಿರುಗು ಅಂತ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ಬೈಯ್ಯಲೂ ಇಲ್ಲ. ಸುಮ್ಮನಿದ್ರೆ ಸರಿಯಿದೆ ಅಂತ ತಾನೇ? ಇವತ್ತು ಒಂದು ತಪ್ಪೂ ಮಾಡಿಲ್ಲ ನಾನು ಅಂತ ಖುಷಿಯಾಗಿದ್ದೆ. ಎಲ್ಲೋ ಹೋದ ಮೇಲೆ ಹುಡ್ ಕೆಳಗಿಂದ ಅವರ ಕೈ ಕಾಣ್ತು. ಪೆನ್ಸಿಲ್ ಬಿದ್ದೋಗಿತ್ತು. ಉಗುರು ನೀಲಿಯಾಗಿತ್ತು."

ಅವನು ಈಗ ಮುನಿರಾಮಪ್ಪನನ್ನು ಬಿಟ್ಟು ಶ್ಯಾಮಲಮ್ಮನ ಕಡೆ ತಿರುಗಿದ. ಅವಳು ಬೆಳಗಿನಿಂದ ಹೆದರುತ್ತಿದ್ದ ಗಳಿಗೆ ಬಂದೇ ಬಿಟ್ಟಿತ್ತು.

"ಅಮ್ಮಾ, ಆ ಸದ್ದಾದಾಗ ನಾನು ತಲೆ ಎತ್ತಿ ನೋಡಿದ್ದಿದ್ರೆ ಉಳೀತಿದ್ರಾ? ಅವಾಗ್ಲೇ ತಿರುಗಿಸ್ಕೊಂಡು ಬಂದಿದ್ದಿದ್ರೆ?"

ರಹಮತ್ತುಲ್ಲಾ ಮುಂದೆ ಬಂದ. ದೊಡ್ಡ ಆಳು, ತೋಪಿನಲ್ಲಿ ಕೂಗಿದರೆ ಕೆರೆಯಾಚೆ ಕೇಳುವ ಗಂಟಲು. ಅದು ಈಗ ಪಿಸುಗುಡುತ್ತಿತ್ತು.

"ನಿನ್ನೆಯಿಂದ ಹಿಂಗೇ ತಾಯಿ. ಊಟ ಇಲ್ಲ. ಕಣ್ಣು ಮುಚ್ಚೋಕೆ ಹೆದರ್ತಾನೆ. ನಾಳಿದ್ದು ಡೆಲ್ಲಿಯಿಂದ ವಿಚಾರಣೆಗೆ ಬರ್ತಾರಂತೆ, ನಾನೇ ಕೊಂದೆ ಅಂತ ಬರ್ಕೊಡ್ತೀನಿ ಅಂತಾನೆ. ಬರ್ಕೊಟ್ರೆ ಆಯ್ತು, ಇವನ ಕತೆ ಅಲ್ಲಿಗೆ ಮುಗೀತು. ನೀವೊಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾನೆ."

ಒಂದು ಮಾತು. ಹೇಳಿದರೆ ತಪ್ಪೇನೂ ಇಲ್ಲ, ಯಾರಿಗೂ ಏನೂ ತಿಳಿಯುವುದೂ ಇಲ್ಲ.

"ಉಳೀತಿರಲಿಲ್ಲಪ್ಪ."

"ನಿಮಗೆ ಹೆಂಗೆ ಗೊತ್ತು ಅಮ್ಮಾ?"

ಅವನು ಎದುರಾಡಲು ಕೇಳಿದ್ದಲ್ಲ. ಮುಳುಗುವವನು ಹಗ್ಗವನ್ನು ಎಳೆದು ಗಟ್ಟಿಯಿದೆಯೇ ಎಂದು ನೋಡುವ ಹಾಗೆ ಕೇಳಿದ್ದ.

*

ಹಿಂದಿನ ದೀಪಾವಳಿ ಕಳೆದ ಮೇಲೆ ಕೋದಂಡರಾಮಪ್ಪನಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಂಡಿದಂತಾಗತೊಡಗಿತ್ತು. ಬೆಂಗಳೂರಿನಲ್ಲಿ ತೋರಿಸಿದರೆ ಶಾಲೆಗೆ ಸುದ್ದಿ ಹೋದೀತೆಂದು ಶ್ಯಾಮಲಮ್ಮನನ್ನು ಕರೆದುಕೊಂಡು ಕೋಲಾರಕ್ಕೆ ಬಂದು ಅಲ್ಲಿನ ಒಬ್ಬ ಡಾಕ್ಟರಿಗೆ ತೋರಿಸಿದ. ತಾನು ಮಾಡುವ ಕೆಲಸ ಏನೆಂದು ಹೇಳಿದಾಗ ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಇವತ್ತಿಗೆ ಬಿಟ್ಬಿಡಿ. ನಾಳೆಯಿಂದ ಅಂತಲ್ಲ, ಇವತ್ತಿಗೆ" ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಕಬ್ಬಿನ ಹಾಲು ಕುಡಿಯುತ್ತಾ ನಿಂತರು. ಅವನು ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಂಡು, "ಯಾರಿಗೂ ಹೇಳ್ಬೇಡ" ಎಂದ.

"ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಮಗೆ? ಬಿಟ್ಟುಬಿಡಿ. ತೋಪಿದೆ, ಹೊಲ ಇದೆ."

"ನಾನು ತೋಪಿನಲ್ಲಿ ಕೂತು ಗಿಳಿ ಓಡಿಸ್ಲಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ. "ಆ ರಹಮತ್ತುಲ್ಲಾ ಮಗನ ಪರೀಕ್ಷೆ ಆಗ್ಲಿ. ನಮ್ಮ ಕಡೆ ಹುಡುಗ, ಕೈ ಚೆನ್ನಾಗಿದೆ. ಅವನೊಬ್ಬನ್ನ ದಡ ಸೇರಿಸಿ ಬಿಡ್ತೀನಿ."

"ಮೇಲೆ ಇರೋವಾಗ ಏನಾದ್ರೂ ಆದ್ರೆ?"

"ಆದ್ರೆ ಅವನು ಇಳಿಸ್ತಾನೆ."

"ಹಂಗಾದ್ರೆ ಅವನಿಗಾದ್ರೂ ಹೇಳಿ."

"ಹೇಳಿದ್ರೆ ಅವನು ಮುಳ್ಳು ನೋಡಲ್ಲ ಕಣೇ. ನನ್ನ ಮುಖ ನೋಡ್ತಾನೆ."

ಅವಳು ಹೂಂ ಎಂದಳು. ಹೂಂ ಎಂದದ್ದಷ್ಟೇ. ಆಮೇಲೆ ಪ್ರತಿದಿನ ಬೆಳಿಗ್ಗೆ ಅವನು ಸ್ಕೂಟರ್ ಹತ್ತಿದ ಮೇಲೆ ಅಡುಗೆಮನೆಯಲ್ಲಿ ಕೂತು, ವಿಮಾನದ ಸದ್ದು ಕೇಳಿದಾಗೆಲ್ಲ ಎದೆ ಹಿಡಿದುಕೊಂಡು, ಅವನ ಸ್ಕೂಟರು ಗೇಟಿಗೆ ಬರುವವರೆಗೂ ಸತ್ತು ಸತ್ತು ಬದುಕಿದಳು. ಅವಳ ಭಯವೆಲ್ಲ ಗಂಡನ ಮೇಲೆಯೇ ಇತ್ತು. ಪಕ್ಕದಲ್ಲಿ ಕಣ್ಣು ಮರೆಮಾಡಿಕೊಂಡು ಕೂತ ಹುಡುಗನಿಗೂ ಒಬ್ಬ ಅಪ್ಪ ಇದ್ದಾನೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

*

"ಹೇಳಿ ಅಮ್ಮಾ. ನಿಮಗೆ ಹೆಂಗೆ ಗೊತ್ತು?"

ಶ್ಯಾಮಲಮ್ಮ ಹೆಣದ ಮುಖ ನೋಡಿದಳು. ಹಣೆಗೆ ನಾಣ್ಯ ಅಂಟಿಸಿದ್ದರು. ತುಟಿಯ ಮೇಲೆ ಅಕ್ಕಿಕಾಳು. ಬೈಯುವುದಕ್ಕೂ ಆಗದ, ಬೇಡವೆನ್ನುವುದಕ್ಕೂ ಆಗದ ಮುಖ. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಎಲ್ಲ ತನ್ನ ತಲೆಗೆ ಕಟ್ಟಿ ಮಲಗಿಬಿಟ್ಟಿದ್ದಾನೆ ಅನಿಸಿತು.

"ಅವರಿಗೆ ಎದೆ ನೋವಿತ್ತು. ದೀಪಾವಳಿಯಿಂದ್ಲೂ ಇತ್ತು. ಕೋಲಾರದ ಡಾಕ್ಟ್ರು ಹಾರಲೇಬೇಡ ಅಂದಿದ್ರು. ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ." ಅವಳು ಹುಡುಗನ ಕಡೆ ತಿರುಗಿದಳು. "ನಿಂದೇನೂ ತಪ್ಪಿಲ್ಲಪ್ಪ. ನಾಳಿದ್ದು ಬರೋರಿಗೂ ಇದನ್ನೇ ಹೇಳ್ತೀನಿ."

"ಏಮೇ ಶ್ಯಾಮಲಾ!" ಮುನಿಯಲ್ಲಮ್ಮ ಎದ್ದು ನಿಂತಳು. "ಮಣ್ಣಿಗಿಡೋಕೆ ಮುಂಚೇನೇ ಅವನ ಮಾನ ತೆಗೀತೀಯಲ್ಲೇ. ನಿನ್ನ ಬಾಯಿಗೆ ಏನಾಗಿತ್ತೇ?"

ಆದರೆ ಶ್ಯಾಮಲಮ್ಮ ನೋಡುತ್ತಿದ್ದದ್ದು ರಹಮತ್ತುಲ್ಲಾನ ಮುಖವನ್ನು. ಅವನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮಗನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರಾ? ಇಳಿಯೋವಾಗ ಆಗಿದ್ದಿದ್ರೆ? ಅವರ ಮೈ ಮುಂದಕ್ಕೆ ಬಿದ್ದು ವಿಮಾನ ತಿರುಗಿಸೋ ಆ ಕಡ್ಡಿ ಮೇಲೆ ಒರಗಿದ್ದಿದ್ರೆ? ಇವತ್ತು ಎರಡು ಗುಂಡಿ ತೋಡ್ಬೇಕಾಗಿತ್ತು, ತಾಯಿ. ಇಲ್ಲೊಂದು, ನಮ್ಮಲ್ಲೊಂದು."

ರಹಮತ್ತುಲ್ಲಾ ಹಾರವನ್ನು ಹೆಣಕ್ಕೆ ಹಾಕದೆ, ನೆಲಕ್ಕೂ ಇಡದೆ, ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಕೊನೆಗೆ ಮುನಿರಾಮಪ್ಪ ಬಂದು ಮೆಲ್ಲಗೆ ಅದನ್ನು ಬಿಡಿಸಿಕೊಂಡ. ಅಜ್ಮತುಲ್ಲಾ ಯಾರನ್ನೂ ನೋಡದೆ ಮನೆ ಪಕ್ಕದ ಓಣಿಯಲ್ಲಿ ಹಾದು ತೋಪಿನ ಕಡೆ ಹೊರಟುಹೋದ.

*

ತೋಪಿನ ಮೂಲೆಯಲ್ಲಿ, ಅಪ್ಪ ಅಮ್ಮನ ಗುಡ್ಡೆಗಳ ಪಕ್ಕದಲ್ಲಿ, ಕೋದಂಡರಾಮಪ್ಪನನ್ನು ಇಳಿಸಿದರು. ಮಾವು ಹೂ ಬಿಟ್ಟಿತ್ತು. ಹೂವಿಗೆ ಮುತ್ತಿದ್ದ ನೊಣಗಳು ಮುಖಕ್ಕೂ ಬರುತ್ತಿದ್ದವು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ರಹಮತ್ತುಲ್ಲಾ ಇನ್ನೂ ಹೊರಟುಹೋಗಿರಲಿಲ್ಲ. ಕೊನೆಯಲ್ಲಿ ಬಂದು ಅವನೂ ಮೂರು ಹಿಡಿ ಹಾಕಿ, ತುಟಿಯಲ್ಲೇ ಏನೋ ಹೇಳಿಕೊಂಡು, ಶ್ಯಾಮಲಮ್ಮನನ್ನು ನೋಡದೆ ಕಾರಿನ ಕಡೆ ಹೋದ. ಅಲ್ಲಿಂದ ಮಗನನ್ನು ಕೂಗಿದ. ಉತ್ತರ ಬರಲಿಲ್ಲ.

ಹುಡುಗ ತೋಪಿನ ಆ ತುದಿಯಲ್ಲಿ ಒಂದು ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ. ಎರಡು ಕೈಯಿಂದಲೂ ಹುಲ್ಲು ಹಿಡಿದುಕೊಂಡಿದ್ದ.

"ನೀನು ಹೋಗ್ಬೇಡ. ಅವರ ಮಗನ್ನ ಅವರು ಕರ್ಕೊಂಡು ಹೋಗ್ತಾರೆ" ಎಂದು ಮುನಿಯಲ್ಲಮ್ಮ ರಟ್ಟೆ ಹಿಡಿದಳು. ಶ್ಯಾಮಲಮ್ಮ ಬಿಡಿಸಿಕೊಂಡಳು. ಮರದಿಂದ ಮರಕ್ಕೆ ನಡೆಯುವಾಗ ಅವಳ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಅವನು ಕಪಾಳಕ್ಕೆ ಹೊಡೆದರೂ ನಿಂತು ಹೊಡೆಸಿಕೊಳ್ಳಬೇಕು ಎಂದುಕೊಂಡಳು. ಹೊಡೆಯಲಿ ಎಂದೇ ಆಸೆಯಾಯಿತು.

ಅವನು ಹೊಡೆಯಲಿಲ್ಲ, ತಲೆ ಎತ್ತಲೂ ಇಲ್ಲ. ನೆಲ ನೋಡುತ್ತಲೇ ಹೇಳತೊಡಗಿದ.

"ಯಾರಿಗೂ ಹೇಳಿಲ್ಲ ಅಮ್ಮಾ ಇದನ್ನ. ಹುಡ್ ತೆಗೆದೆ. ಅವರನ್ನ ನೋಡ್ದೆ. ಕೆಳಗೆ ನೋಡಿದ್ರೆ ಗೊತ್ತಿಲ್ಲದ ಬೆಟ್ಟ, ಗೊತ್ತಿಲ್ಲದ ಊರು. ಕೈ ನಡುಗ್ತು. ವಿಮಾನ ನಡುಗ್ತು. ರೇಡಿಯೋದಲ್ಲಿ ಹೇಳೋಕೂ ಬಾಯಿ ಬರ್ಲಿಲ್ಲ. ಅದಕ್ಕೆ..." ಅವನು ಹುಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದ. "ಅದಕ್ಕೆ ಹುಡ್ ಮತ್ತೆ ಹಾಕ್ಕೊಂಡೆ. ಯಾರೂ ಹೊರಗೆ ನೋಡ್ತಾ ಇರ್ಲಿಲ್ಲ. ಎದುರಿಗೆ ಇನ್ನೊಂದು ವಿಮಾನ ಬಂದಿದ್ರೂ ಗೊತ್ತಾಗ್ತಿರ್ಲಿಲ್ಲ. ಮುಳ್ಳು ನೋಡ್ಕೊಂಡೇ ತಿರುಗಿಸ್ದೆ. ದಾರಿಯುದ್ದಕ್ಕೂ ಅವರಿಗೆ ಹೇಳ್ತಾ ಬಂದೆ. ಎತ್ತರ ಸರಿಯಿದೆ ಸಾರ್, ದಿಕ್ಕು ಸರಿಯಿದೆ ಸಾರ್, ಅಂತ. ಅವರು ಸುಮ್ಮನಿದ್ರು. ಸುಮ್ಮನಿದ್ದಾರಲ್ಲ, ಅಂದ್ರೆ ಸರಿಯಾಗೇ ಇದೀನಿ ಅಂತ ಹಂಗೇ ಬಂದ್ಬಿಟ್ಟೆ. ಇಳಿಸೋವಾಗ ಮಾತ್ರ ತೆಗೆದೆ."

ಶ್ಯಾಮಲಮ್ಮ ಅವನ ಪಕ್ಕದಲ್ಲಿ ಕುಸಿದು ಕೂತಳು. ಬೆಳಗಿನಿಂದ ಬರದ ಅಳು ಈಗ ಬಂತು. ಅತ್ತದ್ದು ಗಂಡನಿಗೋ, ಸತ್ತವನಿಗೆ ವರದಿ ಒಪ್ಪಿಸುತ್ತಾ ಒಬ್ಬನೇ ಬಂದ ಈ ಹುಡುಗನಿಗೋ, ಅವಳಿಗೆ ತಿಳಿಯಲಿಲ್ಲ. ಅವನು ತಡೆಯಲಿಲ್ಲ. ಅಳು ನಿಂತ ಮೇಲೆ ಅವಳು ಎದ್ದು ಕೈ ಚಾಚಿದಳು.

"ಏಳು. ನಿಮ್ಮಪ್ಪ ಕಾಯ್ತಿದಾರೆ."

"ಆಗಲ್ಲ ಅಮ್ಮಾ. ನೆಲ ಓರೆಯಾಗಿದೆ."

"ಹಿಡ್ಕೋ."

ಅವನು ಎದ್ದ. ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ನಿಂತುಬಿಟ್ಟ. ಪಕ್ಕದಲ್ಲಿ ನಡೆಯುತ್ತಿದ್ದವಳ ಕಡೆ ತಿರುಗಿ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ಸುಮ್ಮನಿರಬೇಡಿ ಅಮ್ಮಾ. ಏನಾದ್ರೂ ಮಾತಾಡ್ತಾ ಬನ್ನಿ."

ಶ್ಯಾಮಲಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಅವನು ಮತ್ತೆ ನೆಲಕ್ಕೆ ಕೂರಲು ಹೋದ. ಅವಳು ಕಣ್ಣಿಗೆ ಬಿದ್ದದ್ದನ್ನು ಹೇಳಿದಳು.

"ಇದು ರಸಪುರಿ. ಅದು ನಾಟಿ ಮರ, ಕಾಯಿ ಬರೀ ಹುಳಿ. ಉಪ್ಪಿನಕಾಯಿಗೆ ಆಗುತ್ತೆ. ಇಲ್ಲಿ ಕಾಲುವೆ ಇದೆ, ದಾಟು. ಹಾಂ. ಆ ಕಡೆ ಹಿಪ್ಪುನೇರಳೆ, ಸೊಪ್ಪು ಕೊಯ್ಯೋಕೆ ಬಂದಿದೆ, ಇನ್ನೂ ಕೊಯ್ದಿಲ್ಲ ಇವರು. ಕಲ್ಲಿದೆ, ನೋಡ್ಕೊಂಡು. ಯಾರದೋ ಕರು ಬಿಚ್ಕೊಂಡು ಬಂದ್ಬಿಟ್ಟಿದೆ ನೋಡು, ಮೂತಿಗೆ ಬಿಳೀ ಮಚ್ಚೆ..."

ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದ ಜನ ತಿರುಗಿ ನೋಡಿದರು. ಈಗತಾನೇ ಗಂಡನನ್ನು ಮಣ್ಣಿಗಿಟ್ಟವಳು ಸಾಬರ ಹುಡುಗನ ಕೈ ಹಿಡಿದು, ಕರು, ಸೊಪ್ಪು, ಉಪ್ಪಿನಕಾಯಿ ಎಂದು ಒಂದೇ ಸಮನೆ ಮಾತಾಡುತ್ತಾ ಬರುತ್ತಿದ್ದಳು. ಮುನಿಯಲ್ಲಮ್ಮ ಹಣೆ ಚಚ್ಚಿಕೊಂಡಳು. ಶ್ಯಾಮಲಮ್ಮ ಕಾರಿನವರೆಗೂ ನಿಲ್ಲಿಸಲಿಲ್ಲ. ರಹಮತ್ತುಲ್ಲಾ ಬಾಗಿಲು ತೆಗೆದು ಮಗನನ್ನು ಕೂರಿಸಿ, ಅವಳಿಗೆ ಏನೂ ಅನ್ನದೆ ಗಾಡಿ ಚಾಲೂ ಮಾಡಿದ.

ಕಾರು ಜನರ ನಡುವೆ ಮೆಲ್ಲಗೆ ಹೊರಟಿತು. ಹುಡುಗ ಕಿಟಕಿಯ ಗಾಜು ಇಳಿಸಿ ಅದರ ಅಂಚು ಹಿಡಿದುಕೊಂಡಿದ್ದ. ಶ್ಯಾಮಲಮ್ಮ ಕಿಟಕಿಗೆ ಸೇರಿಕೊಂಡು ನಡೆಯುತ್ತಾ, ದಾರಿಯಲ್ಲಿ ಸಿಕ್ಕ ಒಂದೊಂದು ಮನೆಯನ್ನೂ ಯಾರದೆಂದು ಹೆಸರು ಹಿಡಿದು ಹೇಳುತ್ತಿದ್ದಳು. ಮನೆಗಳು ಮುಗಿದವು. ಕಾರು ಟಾರು ರಸ್ತೆಗೆ ಹತ್ತಿ ವೇಗ ಹಿಡಿದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡತೊಡಗಿದಳು, ಇನ್ನೂ ಮಾತಾಡುತ್ತಲೇ.